ಉರ್ಫ್

ತೀನ್ ಕಂದೀಲಿನ ಹಿಂದೆ, ಬಿಸಿಲೂ ತಲೆ ತಗ್ಗಿಸಿ ಒಳಬರುವ ಅಂಗಡಿ.
ಸರೇಸಿನ ವಾಸನೆ. ಒತ್ತುಹಲಗೆಯ ಕೆಳಗೆ ಶಾಲೆಯ ಹಾಜರಿ ಪುಸ್ತಕ,
ಅದರಡಿ ಹತ್ತಿ ಮಂಡಿಯ ಲೆಕ್ಕ; ಎತ್ತರದ ಗೂಡಿನಲ್ಲಿ ಬೇರೆಯಾಗಿ
ಹಸಿರು ಬಟ್ಟೆ ಸುತ್ತಿದ ಕುರಾನು.
ಸಿಬ್ಗತುಲ್ಲಾ ಸಾಹೇಬರು ಇಲ್ಲಿ ರಟ್ಟು ಕಟ್ಟುತ್ತ ಐವತ್ತು ವರ್ಷ.
ನಾನು ಹೋದದ್ದು ಕ್ಷಮೆ ಕೇಳಲು.

ಮೂರು ಸಲ ಹಿಂದಿರುಗಿಸಿದ್ದೆ ಅವರ ಪಿಂಚಣಿಯ ಅರ್ಜಿ:
ಪಾಸ್‌ಬುಕ್ಕಿನಲ್ಲಿ ಸಿಬ್ಗತುಲ್ಲಾ,
ಆಧಾರಿನಲ್ಲಿ, ಯಾವ ಪುಣ್ಯಾತ್ಮ ಕುಟ್ಟಿದನೋ, ಶಿವಗತುಲ್ಲಾ.
‘ಹೆಸರು ಹೊಂದುತ್ತಿಲ್ಲ’ ಎಂದು ಮೊಹರು ಒತ್ತಿದ ಕೈ
ಈಗ ಅವರದೇ ಚಹಾದ ಬಸಿ ಹಿಡಿದಿದೆ.
“ಇರಲಿ ಬಿಡ್ರಿ ಮೇಡಂ, ಶಿವನೂ ಬಂದು ಕುಂತಾನ ನನ್ನೊಳಗ.
ಅಂದ್ಹಂಗ ನಿಮ್ಮೂರು?”

ಬಾರಕೂರು ಅಂದೆ. ಯಾರಿಗೂ ಗೊತ್ತಿರುವುದಿಲ್ಲ,
ಉಡುಪಿಯ ಹತ್ತಿರ ಎಂದು ಬಾಲ ಹಚ್ಚುತ್ತೇನೆ.
ಹಚ್ಚುವ ಮೊದಲೇ ಅವರ ಸೂಜಿ ನಿಂತಿತು.

ಎದ್ದು ತಂದರು, ಯಾರೋ ಕಟ್ಟಲು ಕೊಟ್ಟು ಮರಳದ
ಒಂದು ಅರಬ್ಬೀ ನಕಲು. ಮೊದಲ ನಲವತ್ತು ಹಾಳೆಯಿಲ್ಲ, ಬರೆದವನ ಹೆಸರಿಲ್ಲ.
ಊರುಗಳ ಪುಸ್ತಕ. ಉಗುರು ಬಲದಿಂದ ಎಡಕ್ಕೆ
ದಂಡೆ ಹಿಡಿದು ಇಳಿಯಿತು: ಹಿನೌರ್. ಆಮೇಲೊಂದು. ಆಮೇಲೆ ಮಂಜರೂರ್,
ನಮ್ಮ ಗಕಾರ ದಾಟಲಾರದೆ ಜ ಆದ ಮಂಗಳೂರು.
ಮತ್ತೆ ಮೇಲಕ್ಕೆ ಬಂದು ನಡುವಿನ ಹೆಸರ ಮೇಲೆ ಬೆರಳಿಟ್ಟರು.
ಫಾಕನೂರ್.
“ನಿಮ್ದಿದು.”

ಬ ಇತ್ತಲ್ಲ ಅವರ ಬಳಿ, ಫ ಯಾಕೆ?
“ಕೇಳಿದವನ ಕಿವಿಯೊಳಗ ಉಪ್ಪುನೀರು ಇತ್ತೇನೋ.”
ನಕಾರದ ಚುಕ್ಕಿಯನ್ನು ಹುಳ ತಿಂದಿದೆ. ಉಳಿದದ್ದು ಬರೀ ಒಂದು ಹಲ್ಲು;
ಬ ಅನ್ನಿ, ತ ಅನ್ನಿ, ಯ ಅನ್ನಿ, ಒಲ್ಲೆನ್ನದು.
“ಒಂದು ಚುಕ್ಕಿ ಹೋದ್ರ ಒಂದು ಬಂದರ ಹೋತು.”
ಹೆಸರಿನ ಮುಂದೆ ಒಂದೂವರೆ ಸಾಲು: ಅಕ್ಕಿ ಸಿಗುತ್ತದೆ,
ಹಡಗಿಗೆ ಸುಂಕವಿದೆ. ಮಿಕ್ಕ ಅರ್ಧ ಹುಳದ ಪಾಲು.

ನನ್ನ ಬಾರಕೂರಿನಲ್ಲಿ ಹಡಗಿಲ್ಲ. ರೈಲು ನಿಲ್ಲುತ್ತದೆ, ಎರಡು ನಿಮಿಷ.
ಹೊಳೆ ಹೂಳು ತಂದು ತಂದು ಕಡಲನ್ನು ಆಚೆಗೆ ತಳ್ಳಿತು.
ಅಮ್ಮಮ್ಮ ಬೂತಾಯಿ ತೊಳೆಯುತ್ತ
“ಹಿಂದ್ ಹಡ್ಗ್ ಬತ್ತಿತ್ತಂಬ್ರ್ ಇಲ್ಲಿಗೆ” ಅನ್ನುವಳು.
ಎಲ್ಲಿಂದ ಅಮ್ಮಮ್ಮ?
ಕೈಯ ನೀರು ಕೊಡವುವಳು ಪಡುವಣಕ್ಕೆ, ಅದೇ ಉತ್ತರ.

ಸಾಹೇಬರ ದಾದಿಗೂ ಒಂದು ಕಥೆಯಿತ್ತಂತೆ,
ಮೆಕ್ಕಾ ದರವಾಜೆಯ ಬಳಿಯ ಮನೆಯಲ್ಲಿ, ಸೆಕೆಗೆ ನಿದ್ದೆಬಾರದ ಮಕ್ಕಳಿಗೆ:
ಬಸರಾದ ಕುದುರೆ ಸಾಹುಕಾರ ಹೆಂಡತಿಗೆ ಹೇಳಿ ಹೊರಟ, ಫಾಕನೂರಿಗೆ.
ಬರಲಿಲ್ಲ. ಮುಂದ?
ಮುಂದಿಲ್ಲ, ಅದು ಹೋದವರು ಬರದ ಊರು.
“ಭೂಮಿ ಮ್ಯಾಲೆ ಇಲ್ಲಂತ ತಿಳಕೊಂಡಿದ್ವಿ.
ಈಗ ನೋಡ್ರಿ, ನೀವು ಅಲ್ಲಿಂದ ಬಂದೀರಿ. ವರ್ಗಾ ಆಗಿ.”
ನಕ್ಕೆವು. ನನಗೆ ಪೂರ್ತಿ ಬರಲಿಲ್ಲ ನಗು.

ಎರಡು ನದಿಗಳ ನಡುವೆ ಬಾಯಾರಿದ ಈ ರಾಯಚೂರಿನಲ್ಲಿ
ನನ್ನ ಕೌಂಟರಿನ ಮೇಲೆ ದಿನವಿಡೀ ಇಳಿಯುವುದು ಅದೇ ಸರಕು:
ಜಮಾ, ಬಾಕಿ, ವಸೂಲಿ, ತಕರಾರು, ತಾರೀಖು.
ಯಾವ ದಾರಿಯಲ್ಲಿ ಬಂದವೋ,
ಸುಂಕ ಕಟ್ಟದೆ ನಾಲಗೆಯಲ್ಲಿ ಮನೆಮಾಡಿವೆ.

ನಾಲ್ಕನೆಯ ಅರ್ಜಿಗೆ ನೋಟರಿಯ ಕಾಗದ ಬಂತು:
ಶಿವಗತುಲ್ಲಾ ಉರ್ಫ್ ಸಿಬ್ಗತುಲ್ಲಾ, ಎರಡೂ ಹೆಸರು ನನ್ನವೇ.
ಉರ್ಫ್ ಕೂಡ ಅಲ್ಲಿಯದೇ. ಮೊಹರು ಒತ್ತಿದೆ.

ಮಧ್ಯಾಹ್ನ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಾಗ
ಹಾಳಾದ ಚಲನ್ನಿನ ಬೆನ್ನ ಮೇಲೆ, ಬಲದಿಂದ,
ಒಂದು ಹಲ್ಲು ಬರೆದೆ. ಪೆನ್ನು ಎತ್ತಿ ಹಿಡಿದು ಕೂತೆ
ಚುಕ್ಕಿ ಮೇಲೋ, ಕೆಳಗೋ.
ಟೋಕನ್ ನಲವತ್ತೇಳು ಕೆಮ್ಮುತ್ತಿದ್ದರು.